ಓಣಿ ಗ್ರಂಥಾಲಯಕ್ಕೆ ಮಗಳನ್ನ ಕರ್ಕೊಂಡು ಹೋಗಬಹುದಾ? ಹೋಗಿ ಬಂದವರ ಅನುಭವ

ಕೇಳಿದವರು, ಧಾರವಾಡ:
ವರ್ಗ ಆಗಿ ದಾವಣಗೆರೆಯಿಂದ ಧಾರವಾಡಕ್ಕೆ ಬಂದು ಎರಡು ತಿಂಗಳಾಯ್ತು. ಸಪ್ತಾಪುರದ ಹತ್ತಿರ ಬಾಡಿಗೆ ಮನೆ, ಮಗಳು ಐದನೇ ಕ್ಲಾಸು. ಸಮೀಪದಲ್ಲೇ ಒಂದು ಸಣ್ಣ ಸಾರ್ವಜನಿಕ ಗ್ರಂಥಾಲಯ ಇದೆ. ಒಮ್ಮೆ ಹೋಗಿದ್ವಿ. ಒಂದೇ ಕೋಣೆ, ತುಂಬ ಹುಡುಗರು ತಲೆ ಬಗ್ಗಿಸಿ ಓದ್ತಾ ಕೂತಿದ್ರು, ಮಕ್ಕಳ ಪುಸ್ತಕ ಎಲ್ಲೂ ಕಾಣಲಿಲ್ಲ. ಮಗಳು ಜೋರಾಗಿ ಏನೋ ಕೇಳಿದ್ದಕ್ಕೆ ಎಲ್ಲರೂ ತಿರುಗಿ ನೋಡಿದ್ರು, ಅವಳು ಹೆದರಿ ಹೊರಗೆ ಬಂದುಬಿಟ್ಟಳು. ಸದಸ್ಯತ್ವ ಮಾಡಿಸಿದ್ರೆ ಉಪಯೋಗ ಇದೆಯಾ? ಗೊತ್ತಿದ್ದವರು ಹೇಳಿ.

ಪರೀಕ್ಷೆಗೆ ಓದೋ ಹುಡುಗ, ಊರು ಹಾವೇರಿ ಕಡೆ:
ಅಕ್ಕಾರ, ಆ ತಲಿ ಬಗ್ಗಿಸಿ ಕುಂತವರೊಳಗ ನಾನೂ ಒಬ್ಬ ಇದ್ದೇನು. ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದಕೋತ ಮೂರು ವರ್ಷದಿಂದ ಇಲ್ಲೇ ಅದೇನಿ. ರೂಮಿನ್ಯಾಗ ನಾಲ್ಕು ಮಂದಿ, ಟೇಬಲ್ ಒಂದ. ಖಾಸಗಿ ರೀಡಿಂಗ್ ರೂಮಿಗೆ ತಿಂಗಳಾ ರೊಕ್ಕ ಕೊಡೂದು ನಮಗ ಆಗೂದಿಲ್ಲ. ಬಾಗಲಾ ತೆಗಿಯೂದಕ್ಕ ಮೊದಲ ಹೋಗಿ ನಿಂತಿರ್ತೀವಿ. ತಂಗಿ ಅಂಜಿದ್ದು ಓದಿ ಭಾಳ ಕೆಟ್ಟ ಅನಿಸ್ತ್ರಿ. ಸಿಟ್ಟಿನಿಂದ ಯಾರೂ ನೋಡಿರೂದಿಲ್ಲ, ಸಪ್ಪಳಾದ ಕಡೆ ಕಣ್ಣು ಹೋಗ್ತದ ಅಷ್ಟ. ಸಂಜೀ ಐದರ ಸುಮಾರಿಗೆ ಬರ್ರಿ. ಅಷ್ಟೊತ್ತಿಗೆ ನಾವೆಲ್ಲಾ ಚಾಕ್ಕ ಎದ್ದು ಹೋಗಿರ್ತೀವಿ, ಕುರ್ಚಿ ಖಾಲಿ ಇರ್ತಾವ.

ಹುಬ್ಬಳ್ಳಿಯಿಂದ, ಇಬ್ಬರು ಮಕ್ಕಳ ತಾಯಿ:
ನಮ್ಮ ಓಣ್ಯಾಗೂ ಮೊದಲನೇ ದಿನ ಹಿಂಗ ಆಗಿತ್ರಿ. ಮಕ್ಕಳ ಪುಸ್ತಕ ಇದ್ದವು, ಆದ್ರ ಮೂಲ್ಯಾಗಿನ ಕಬ್ಬಿಣದ ಕಪಾಟಿನೊಳಗ, ಕೀಲಿ ಹಾಕಿ. ಗ್ರಂಥಪಾಲಕರನ್ನ ಕೇಳಿದ್ರ, "ಕೇಳೋರ ಇಲ್ಲಂತ ಕೀಲಿ ಹಾಕೇನ್ರಿ" ಅಂದ್ರು. ತೆಗೆದಕೂಡ್ಲೆ ಧೂಳು ಎದ್ದು ಸಣ್ಣಾವ ಸೀನಿದ. ಆಮ್ಯಾಲೆ ಅಲ್ಲೇ ನೆಲದ ಮ್ಯಾಲೆ ಕುಂತು ಒಂದೂವರೆ ತಾಸು ಎದ್ದಿಲ್ಲ. ಹಂಗಾಗಿ ಕಣ್ಣಿಗೆ ಕಾಣಲಿಲ್ಲಂತ ಹೊರಗ ಬರಬ್ಯಾಡ್ರಿ, ಬಾಯಿ ಬಿಟ್ಟು ಕೇಳ್ರಿ.

ಪುಸ್ತಕದ ಬೆನ್ನಿನ ಮ್ಯಾಲಿನ ನಂಬರು ಏನಂತ ದೊಡ್ಡಾಕಿ ಕೇಳಿದಾಗ ಅವರು ಕೆಲಸ ಬಿಟ್ಟು ಹೇಳಿಕೊಟ್ರು: 800 ಅಂದ್ರ ಸಾಹಿತ್ಯ, ಅದರೊಳಗ 894.814 ನಮ್ಮ ಕನ್ನಡದ್ದು. ಈಗ ಆಕಿ ಯಾವ ಗ್ರಂಥಾಲಯಕ್ಕ ಹೋದ್ರೂ ಮೊದಲು ಆ ನಂಬರ ಹುಡುಕ್ತಾಳ.

ಸದಸ್ಯತ್ವ ಮಾಡಸ್ರಿ. ಫಾರ್ಮು, ಫೋಟೊ, ವಿಳಾಸದ ಪುರಾವೆ, ಸ್ವಲ್ಪ ಠೇವಣಿ ಕೇಳಿದ್ರು. ಊರು ಬಿಡೂ ಮುಂದ ಠೇವಣಿ ವಾಪಸ್ ಸಿಗ್ತದ, ಅದಕ್ಕ ರಸೀದಿ ಜ್ವಾಕಿ. ಇನ್ನೊಂದು ಮಾತು. ಒಮ್ಮೆ ನಾವು ತಂದ ಪುಸ್ತಕದಾಗ ನಡುವಿನ ಹಾಳಿ ಇರಲಿಲ್ಲ. ವಾಪಸ್ ಕೊಡೂ ಮುಂದ ನಾವ ಹರದೀವಿ ಅಂತ ಮಾತು ಬಂತು, ಮಗಳು ಅತ್ತಳು. ಅವತ್ತಿನಿಂದ ಅವರ ಮುಂದನ ಹಾಳಿ ತಿರುವಿ ನೋಡಿ ತೊಗೋತೀವಿ.

ಮಾಳಮಡ್ಡಿಯಿಂದ, ನಿವೃತ್ತ ಮಾಸ್ತರು:
ತಂಗೀ, ಅಲ್ಲಿ ಹೋಗಲಿಕ್ಕೆ ಸಂಕೋಚ ಬೇಡವಾ. 1965ರ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗತದ, ಈಗ ಅದು ಶೇ. 6. ಮನೀ ಮಾಲಕರ ಪಾವತಿ ನೋಡು, ಅದರೊಳಗ ಬರದಿರತದ. ನೀನು ಕೊಡೂ ಬಾಡಿಗಿಯೊಳಗೂ ಅದರ ಪಾಲು ಐತಿ. ನಾನು ದಿನಾ ಮುಂಜಾನೆ ಹೋಗಿ ಸಂಯುಕ್ತ ಕರ್ನಾಟಕ, ಪ್ರಜಾವಾಣಿ ಓದತೇನಿ, ತಿಂಗಳಿಗೊಮ್ಮೆ ಕಸ್ತೂರಿ. ಮಕ್ಕಳ ಪತ್ರಿಕೆ ಬೇಕಾದ್ರ ಬಾಯಿಲೆ ಹೇಳಬ್ಯಾಡ, ಅರ್ಜಿ ಬರದು ಕೊಡು, ನಾಲ್ಕು ಮನಿಯವರ ಸಹಿ ಹಾಕಿಸು. ನಾವು ಹಂಗ ಮಾಡಿದ ಮ್ಯಾಲೇ ಎರಡು ಪತ್ರಿಕೆ ಬರಲಿಕ್ಕೆ ಹತ್ತಿದವು. ಸೋಮವಾರ ರಜಾ, ಸುಮ್ಮನ ಹೋಗಿ ತಿರುಗಿ ಬರಬ್ಯಾಡ.

ಗದಗದಿಂದ:
ಮೊಬೈಲಿನ್ಯಾಗ ಸರ್ಕಾರದ ಡಿಜಿಟಲ್ ಗ್ರಂಥಾಲಯನೂ ಐತ್ರಿ, ಪುಕ್ಕಟೆ. ನನಗ ಅನುಕೂಲ ಆಗೇತಿ. ಸಣ್ಣ ಹುಡುಗರಿಗೆ ಮಾತ್ರ ಕೈಯಾಗ ಹಿಡಿಯೂ ಪುಸ್ತಕನ ಇರಲಿ.

ಕೇಳಿದವರು:
ಎಲ್ಲರಿಗೂ ಧನ್ಯವಾದ. ನಿನ್ನೆ ಸಂಜೆ ಐದಕ್ಕೆ ಹೋದ್ವಿ, ಅರ್ಧ ಕುರ್ಚಿ ಖಾಲಿ ಇದ್ದವು. ಇಲ್ಲೂ ಕಪಾಟೇ, ಇಲ್ಲೂ ಕೀಲಿ. ಕೇಳಿದ ತಕ್ಷಣ ತೆಗೆದುಕೊಟ್ಟರು. ಒಬ್ಬ ಹುಡುಗ ತಾನಾಗೇ ತನ್ನ ಬ್ಯಾಗು ಸರಿಸಿ ಮಗಳಿಗೆ ಜಾಗ ಮಾಡಿದ. ಹುಬ್ಬಳ್ಳಿ ಅಕ್ಕ ಹೇಳಿದ ಹಾಗೆ ಹಾಳೆ ತಿರುವಿ ನೋಡಿಯೇ ಎರಡು ಪುಸ್ತಕ ತಂದಿದ್ದೀವಿ. ಮುಂದಿನ ಸಲ ಹೋಗುವಾಗ ಕಪಾಟು ಒರೆಸೋಕೆ ಮನೆಯಿಂದ ಒಂದು ಬಟ್ಟೆ ಒಯ್ಯಬೇಕಂತೆ, ಈಗಲೇ ತೆಗೆದಿಟ್ಟುಕೊಂಡಿದ್ದಾಳೆ.