ದಿನಾ ಕಟ್ಟಿಕೊಳ್ಳಲು ಯಾವ ಫಿಟ್‌ನೆಸ್ ಬ್ಯಾಂಡ್? ಬಳಸಿದವರು ಹೇಳಿ

ಕೇಳಿದವರು, ಗಿರಿನಗರ:
ಅಮ್ಮನಿಗೆ ಒಂದು ಫಿಟ್‌ನೆಸ್ ಬ್ಯಾಂಡ್ ಕೊಡಿಸಬೇಕು. ವಯಸ್ಸು 61. ಬೆಳಿಗ್ಗೆ ಅರ್ಧ ಗಂಟೆ ವಾಕಿಂಗ್, ಬರುವಾಗ ಕೈಯಲ್ಲಿ ತರಕಾರಿ ಚೀಲ. ಎರಡೂ ಕೈಗೆ ಬಳೆ ಇವೆ, ತೆಗೆಯಲ್ಲ ಅನ್ನುತ್ತಾರೆ. ಬಜೆಟ್ 4,000 ರೂಪಾಯಿ. ಹೆಜ್ಜೆ ಲೆಕ್ಕ, ನಿದ್ದೆ, ಹಾರ್ಟ್‌ರೇಟ್ ಇದ್ದರೆ ಸಾಕು.

ವಿಜಯನಗರ:
ನಾಲ್ಕು ವರ್ಷದಲ್ಲಿ ಮೂರು ಬ್ಯಾಂಡ್ ನೋಡಿದ್ದೇನೆ, ನನ್ನ ಲೆಕ್ಕ ಕೇಳಿ. ಮೊದಲನೆಯದು 1,799. ಎಂಟನೇ ತಿಂಗಳು ಬಸ್ಸಲ್ಲಿ ಕಂಬಿ ಹಿಡಿದಾಗ ಪಟ್ಟಿ ಕಿತ್ತು ಬಂತು. ಗಾಂಧಿನಗರದಲ್ಲಿ ಬೇರೆ ಪಟ್ಟಿ, 250. ಎರಡನೆಯದು 2,999. ಅದರ ಚಾರ್ಜರ್ ಕಳೆದುಹೋಯಿತು. ಎರಡು ಪಿನ್ನು, ಒಂದು ಆಯಸ್ಕಾಂತ, ಅಷ್ಟೇ ಇರೋದು. ಆದರೆ ಬೇರೆ ಯಾವ ಚಾರ್ಜರೂ ಕೂರಲ್ಲ. ಎಸ್.ಪಿ. ರೋಡಿಗೆ ಮೂರು ಸಲ ಅಲೆದೆ, ಪಾರ್ಕಿಂಗೇ 90. ಕೊನೆಗೆ 400 ಕೊಟ್ಟು ಡೂಪ್ಲಿಕೇಟ್ ತಂದೆ, ಇಡ್ಲಿ ಪಾತ್ರೆ ಥರ ಬಿಸಿಯಾಗುತ್ತಿತ್ತು. ಮೂರನೆಯದು 6,499. ಐದನೇ ತಿಂಗಳಿಗೆ ಸ್ಕ್ರೀನಲ್ಲಿ ಬಿಳಿ ಗೆರೆ. ಸರ್ವಿಸ್ ಸೆಂಟರಿನಲ್ಲಿ "ನೀರು ಹೋಗಿದೆ, ವಾರಂಟಿ ಬರಲ್ಲ" ಅಂದರು. ಹಿಂದೆ 50 ಮೀಟರ್ ಅಂತ ಬರೆದಿದೆಯಲ್ಲ ಅಂದೆ. ಅದು ತಣ್ಣೀರಿನ ಲೆಕ್ಕ, ಬಿಸಿನೀರು ಸೋಪಿಗೆ ಅಲ್ಲ ಅಂದರು. ಒಟ್ಟು 12,037. ಆಟೋ ಸೇರಿಸಿಲ್ಲ.

ಮಲ್ಲೇಶ್ವರ:
ಮಣಿಕಟ್ಟಿನ ಬ್ಯಾಂಡ್ ನಂಬಿದ್ದೇ ನಿಮ್ಮ ತಪ್ಪು. ಅದು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು, ರಕ್ತ ಎಷ್ಟು ಹೀರಿಕೊಂಡಿತು ಅಂತ ನೋಡಿ ಬಡಿತ ಲೆಕ್ಕ ಹಾಕುತ್ತದೆ. ಕೈ ಬೀಸಿದರೆ, ಪಟ್ಟಿ ಸಡಿಲ ಇದ್ದರೆ ಕಥೆ ಮುಗಿಯಿತು. ಕಂಠೀರವದ 400 ಮೀಟರ್ ಟ್ರ್ಯಾಕಿನಲ್ಲಿ ನಾನೇ ನೋಡಿದ್ದೇನೆ. ಎದೆಪಟ್ಟಿ 168 ತೋರಿಸುತ್ತಿದೆ, ಕೈಯಲ್ಲಿರೋದು 112 ಅನ್ನುತ್ತಿದೆ. ಎದೆಪಟ್ಟಿ ಹೃದಯದ ವಿದ್ಯುತ್ ಸಿಗ್ನಲನ್ನೇ ಹಿಡಿಯುತ್ತದೆ. ಜೊತೆಗೆ ಒಂದು ಒಳ್ಳೆ ಜಿಪಿಎಸ್ ವಾಚು ತಗೊಳ್ಳಿ, 20,000ದ ಮೇಲಾದರೂ ಪರವಾಗಿಲ್ಲ. ಮೆಟ್ರೋ ಸೇತುವೆ ಕೆಳಗೆ ಓಡಿದರೆ ಮಾತ್ರ ಮ್ಯಾಪಿನಲ್ಲಿ ಅದು ತೋರಿಸೋ ದಾರಿಯ ಗೆರೆಯೂ ಜಿಲೇಬಿ ಆಗುತ್ತದೆ, ಅದು ಬೇರೆ ಮಾತು.

ಬಸವನಗುಡಿ:
61 ವರ್ಷದ ಹೆಂಗಸಿಗೆ ಎದೆಪಟ್ಟಿ ಕಟ್ಟಿಸುತ್ತೀರಾ ಸ್ವಾಮಿ? ಇವೆಲ್ಲ ಬೇಕೇ ಇಲ್ಲ. ಮಗ ಕೊಡಿಸಿದ ಬ್ಯಾಂಡನ್ನು ನಾನು ಕಟ್ಟಿದ್ದು 11 ದಿನ. ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಸ್ಕೂಟರಲ್ಲಿ ಹೋಗಿ ಇಳಿದರೆ 640 ಹೆಜ್ಜೆ! ಗುಂಡಿಗಳನ್ನೂ ಹೆಜ್ಜೆ ಅಂದುಕೊಂಡಿದೆ. ಅದೇನೋ ಹತ್ತು ಸಾವಿರ ಹೆಜ್ಜೆ ಅಂತ ಕುಣಿಯುತ್ತೀರಲ್ಲ, ಅದು ಡಾಕ್ಟರು ಕೊಟ್ಟ ಲೆಕ್ಕ ಅಲ್ಲ. ಟೋಕಿಯೋ ಒಲಿಂಪಿಕ್ಸ್ ಆದ ಮರುವರ್ಷ, 1965ರಲ್ಲಿ, ಜಪಾನಿನಲ್ಲಿ ಒಂದು ಹೆಜ್ಜೆ ಎಣಿಸೋ ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರೇ ಹತ್ತು ಸಾವಿರ ಹೆಜ್ಜೆ ಮೀಟರು. ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ. ಅದನ್ನು ಹತ್ತುವಾಗ ಏದುಸಿರು ಬಂದರೆ ಅದೇ ನಿಮ್ಮ ಮೀಟರು.

ಮಲ್ಲೇಶ್ವರ:
ಬಂಡೆ ಇಳಿದ ಮೇಲೆ ಬೆಣ್ಣೆ ಮಸಾಲೆ ಎರಡು, ಅದಕ್ಕೆ ಯಾವ ಮೀಟರು?

ಬಸವನಗುಡಿ:
ನನ್ನ ದೋಸೆ ನನ್ನ ದುಡ್ಡು. ನೀವು 20,000 ಕೊಟ್ಟು ಜಿಲೇಬಿ ನೋಡಿಕೊಂಡಿರಿ.

ವೈಟ್‌ಫೀಲ್ಡ್:
ನಿಮ್ಮ ಜಗಳ ಪಕ್ಕಕ್ಕಿಡಿ. ನಮ್ಮಪ್ಪನ ವಿಷಯ ಹೇಳುತ್ತೇನೆ, ಈಗಲೂ ಹೊಟ್ಟೆ ಉರಿಯುತ್ತದೆ. 1,499ಕ್ಕೆ ಒಂದು ವಾಚು ತಂದುಕೊಟ್ಟೆ. ಬಿಪಿನೂ ತೋರಿಸುತ್ತದೆ ಅಂತ ಡಬ್ಬದ ಮೇಲೆ ಬರೆದಿತ್ತು. ದಿನಾ 121/79. ಅಪ್ಪನಿಗೆ ಖುಷಿಯೋ ಖುಷಿ, ಕ್ಲಿನಿಕ್ಕಿಗೆ ಹೋಗೋದನ್ನೇ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ತಲೆ ಸುತ್ತು ಬಂತು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ ನೋಡಿದರೆ 168/100. ಆವತ್ತು ರಾತ್ರಿ ಸಿಟ್ಟಿಗೆ ಆ ವಾಚನ್ನು ಒಂದು ಸೌತೆಕಾಯಿಗೆ ಕಟ್ಟಿದೆ. ಹಸಿರು ದೀಪ ಪಿಳಿಪಿಳಿ ಅಂತು, ಒಂದು ಕ್ಷಣ ಯೋಚಿಸಿತು, ಆಮೇಲೆ ಹಾರ್ಟ್‌ರೇಟ್ 78 ಅಂತು! ಫೋಟೋ ಇಟ್ಟುಕೊಂಡಿದ್ದೇನೆ. ಚುಚ್ಚದೆ ಶುಗರ್ ತೋರಿಸುತ್ತೇವೆ ಅನ್ನುವ ವಾಚು, ಉಂಗುರಗಳನ್ನಂತೂ ಮುಟ್ಟಬೇಡಿ. 2024ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎನೇ ಬಳಸಬೇಡಿ ಅಂತ ಎಚ್ಚರಿಸಿದೆ.

ವಿಜಯನಗರ:
ಯಾವ ಕಂಪನಿದು ಮೇಡಂ? ದುಡ್ಡು ವಾಪಸ್ ಕೊಟ್ಟರಾ?

ವೈಟ್‌ಫೀಲ್ಡ್:
ಹೆಸರು ಹೇಳಿ ಕೋರ್ಟು ಕಚೇರಿ ಅಲೆಯೋಕೆ ನನಗೆ ಪುರುಸೊತ್ತಿಲ್ಲ. ದುಡ್ಡೂ ಬರಲಿಲ್ಲ. ಸೌತೆಕಾಯಿ ಕೋಸಂಬರಿ ಆಯಿತು.

ಹೆಬ್ಬಾಳ:
ಸೌತೆಕಾಯಿಗೆ ಕಟ್ಟಿ ತಮಾಷೆ ಮಾಡೋದು ಸುಲಭ. ನನ್ನ 3,299ರ ಬ್ಯಾಂಡಿಗೆ ಎರಡೂವರೆ ವರ್ಷ, ಇವತ್ತಿಗೂ ಚಾರ್ಜ್ ಒಂಬತ್ತು ದಿನ ಬರುತ್ತದೆ. ಬಾಣಂತನ ಮುಗಿಸಿ ವಾಕಿಂಗ್ ಶುರು ಮಾಡಿದಾಗ ಮಾತ್ರ ಅತ್ತೇಬಿಟ್ಟಿದ್ದೆ. ಮಗುವಿನ ಗಾಡಿ ತಳ್ಳುತ್ತಾ 50 ನಿಮಿಷ ನಡೆದಿದ್ದೇನೆ, ಬ್ಯಾಂಡ್ 212 ಹೆಜ್ಜೆ ಅನ್ನುತ್ತದೆ. ಕೈ ಆಡಲಿಲ್ಲ ಅಂದರೆ ಅದಕ್ಕೆ ನಡೆದ ಹಾಗೇ ಅಲ್ಲ. ಆಮೇಲೆ ಸಾಕ್ಸ್ ಮೇಲೆ ಕಾಲಿಗೆ ಕಟ್ಟಿಕೊಂಡೆ. ಹಾರ್ಟ್‌ರೇಟ್ ಬರಲ್ಲ, ಹೆಜ್ಜೆ ಸರಿಯಾಗಿ ಬರುತ್ತದೆ. ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯವರು "ಮೇಡಂ, ಕಾಲಿಗೇನಾಯಿತು" ಅಂತ ಮೂರು ದಿನ ಕೇಳಿದರು.

ಮಲ್ಲೇಶ್ವರ:
ಎದೆಪಟ್ಟಿ ಅಂದರೆ ನಗುತ್ತೀರಿ, ಕಾಲಿಗೆ ಕಟ್ಟಿದರೆ ಯಾರೂ ಮಾತಾಡಲ್ಲ.

ಹೆಬ್ಬಾಳ:
ಹೆತ್ತು ಆರು ವಾರಕ್ಕೆ ನೀವು ನಡೆದು ತೋರಿಸಿ ಸಾರ್, ಆಮೇಲೆ ಮಾತಾಡೋಣ.

ಕೇಳಿದವರು, ಗಿರಿನಗರ:
ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಸೌತೆಕಾಯಿಗೆ ತುಂಬಾ ನಕ್ಕರು. ಬಳೆ ಮಾತ್ರ ತೆಗೆಯಲ್ಲವಂತೆ, ಆ ವಿಷಯ ಯಾರೂ ಹೇಳಲಿಲ್ಲ ನೋಡಿ. ಕಾಲಿಗೆ ಕಟ್ಟೋಣ ಅಂದರೆ ಕಾಲುಚೈನು ಇದೆ.

ವಿಜಯನಗರ:
ಕಾಲಿಗಾದರೆ ಡಬ್ಬದಲ್ಲಿ ಬರೋ ಪಟ್ಟಿ ಸಾಲಲ್ಲ, ಈಗಲೇ ಹೇಳಿಬಿಡುತ್ತೇನೆ. ಉದ್ದದ್ದು ಗಾಂಧಿನಗರದಲ್ಲಿ 350. ಪಾರ್ಕಿಂಗ್ ಬೇರೆ.