ಬಾಯಿ ತೆರೆಯಲಾಗದವಳಿಗೆ ಎಚ್ಚರದಲ್ಲೇ ಶ್ವಾಸನಳಿಕೆ ಹಾಕುವುದೇಕೆ?

ಬದಿಯಡ್ಕದ ಸೋದರಮಾವ:
ನನ್ನ ತಂಗಿಯ ಮಗಳಿಗೆ ಈಗ 19 ವರ್ಷ. ಐದನೆಯ ವಯಸ್ಸಿನಲ್ಲಿ ಅಟ್ಟದಿಂದ ಬಿದ್ದು ಗದ್ದಕ್ಕೆ ಏಟಾದ ಬಳಿಕ ದವಡೆಯ ಕೀಲು ಬೆಸೆದುಕೊಂಡು, ಬಾಯಿಯೊಳಗೆ ಒಂದು ಬೆರಳೂ ಹೋಗದಂತಾಗಿದೆ. ಕೆಳದವಡೆ ಬೆಳೆಯದೆ ಗದ್ದ ಹಿಂದಕ್ಕೆ ಸರಿದಿದೆ. ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆ ನಿಶ್ಚಯವಾಗಿದ್ದು, ನಿದ್ದೆ ಬರಿಸುವ ಮೊದಲೇ ಮೂಗಿನ ಮೂಲಕ ನಳಿಕೆ ಇಳಿಸುವುದಾಗಿ ತಿಳಿಸಿದ್ದಾರೆ. ಹುಡುಗಿ ಬಹಳ ಹೆದರಿದ್ದಾಳೆ. ಅರಿವಳಿಕೆ ಕೊಟ್ಟ ಮೇಲೆ ಹಾಕಬಾರದೇ?

ಅರಿವಳಿಕೆ ವೈದ್ಯ, ಕಾಸರಗೋಡು:
ಮಾನ್ಯರೇ, ಅವರು ಹೇಳಿದ್ದೇ ಸರಿ. ಎಚ್ಚರವಿರುವಾಗ ಗಂಟಲನ್ನು ತೆರೆದಿಡುವ ಸ್ನಾಯುಗಳು ಅರಿವಳಿಕೆಯೊಡನೆ ಸಡಿಲಗೊಳ್ಳುತ್ತವೆ. ಗದ್ದ ಹಿಂದಿರುವವರಲ್ಲಿ ನಾಲಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ಬೇರೆಯವರಲ್ಲಾದರೆ ದವಡೆಯನ್ನು ಮುಂದಕ್ಕೆತ್ತಿ, ಬಾಯಿ ತೆರೆದು, ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪನ್ನೋ ಶ್ವಾಸದ್ವಾರದ ಮೇಲೆ ಕೂರುವ ಲ್ಯಾರಿಂಜಿಯಲ್ ಮಾಸ್ಕನ್ನೋ ಬಳಸುತ್ತೇವೆ. ನಿಮ್ಮ ಸೊಸೆಯಲ್ಲಿ ಇವೆರಡಕ್ಕೂ ಅವಕಾಶವಿಲ್ಲ, ಆಮ್ಲಜನಕವಿಲ್ಲದೆ ಮೆದುಳು ತಾಳುವುದೋ ಕೆಲವೇ ನಿಮಿಷ. ಆದುದರಿಂದ ಅವಳ ಸ್ವಂತ ಉಸಿರನ್ನು ಉಳಿಸಿಕೊಂಡೇ ಕೆಲಸ ಮಾಡಬೇಕು. 1967ರಲ್ಲಿ ಅರಿವಳಿಕೆ ವೈದ್ಯ ಪೀಟರ್ ಮರ್ಫಿಯವರು ಪಿತ್ತನಾಳ ನೋಡುವ ಫೈಬರ್‌ಆಪ್ಟಿಕ್ ದರ್ಶಕದ (ದೇಹದ ಒಳಭಾಗವನ್ನು ಕಾಣಿಸುವ, ಬಾಗುವ ತೆಳು ಉಪಕರಣ) ನೆರವಿನಿಂದ ಮೂಗಿನ ಮೂಲಕ ನಳಿಕೆ ಇಳಿಸಿದ್ದೇ, ದರ್ಶಕದಲ್ಲಿ ನೋಡುತ್ತಾ ನಳಿಕೆ ಇಳಿಸುವ ಈ ವಿಧಾನದ ಆರಂಭ. ಮೂಗಿನಲ್ಲಿ ರಕ್ತ ಒಸರಿದರೆ ದರ್ಶಕದಲ್ಲಿ ಏನೂ ಕಾಣದಾದ್ದರಿಂದ ಮೊದಲು ರಕ್ತನಾಳಗಳನ್ನು ಕುಗ್ಗಿಸುವ ಕ್ಸೈಲೊಮೆಟಾಜೊಲಿನ್ ಹನಿ ಹಾಕಿ, ಆಮೇಲೆ ಲಿಗ್ನೊಕೇನ್‌ನಿಂದ ಮೂಗು, ಗಂಟಲು ಮರಗಟ್ಟಿಸುತ್ತಾರೆ. ನಳಿಕೆ ಶ್ವಾಸನಾಳದಲ್ಲೇ ಇದೆಯೆಂದು ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ತೋರಿಸುವ ಪರದೆಯ ರೇಖೆಯಿಂದ ಖಚಿತವಾದ ಮರುಕ್ಷಣವೇ ನಿದ್ದೆ ಬರಿಸುತ್ತಾರೆ.

ಕುಂಬಳೆಯಿಂದ ಒಬ್ಬರು:
ಸುಟ್ಟಗಾಯದಿಂದ ನನ್ನ ಗದ್ದ ಎದೆಗೆ ಅಂಟಿಕೊಂಡಿದ್ದಾಗ ನನಗೂ ಹೀಗೆಯೇ ಮಾಡಿದ್ದರು. ನೋವಿಗಿಂತ, ಮರಗಟ್ಟಿದ ಗಂಟಲಿನಲ್ಲಿ ಉಗುಳು ನುಂಗಲಾಗದೆಂಬ ಭಾವನೆಯೇ ನನ್ನನ್ನು ಗಾಬರಿಗೊಳಿಸಿತು. ಉಸಿರು ನಿಲ್ಲುವುದಿಲ್ಲವೆಂದು ಯಾರಾದರೂ ಮೊದಲೇ ಹೇಳಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ದಯವಿಟ್ಟು ಅವಳಿಗೆ ಇದನ್ನು ತಿಳಿಸಿ. ಕಷ್ಟವಾದರೆ ಕೈಯೆತ್ತಿ ಸೂಚಿಸುವುದನ್ನೂ ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಲಿ.

ಬದಿಯಡ್ಕದ ಸೋದರಮಾವ:
ಇಬ್ಬರಿಗೂ ಕೃತಜ್ಞತೆಗಳು. ಒಂದು ವೇಳೆ ನಳಿಕೆ ಇಳಿಯದಿದ್ದರೆ?

ಅರಿವಳಿಕೆ ವೈದ್ಯ, ಕಾಸರಗೋಡು:
ಅವಳು ಎಚ್ಚರವಾಗಿದ್ದು ತಾನೇ ಉಸಿರಾಡುತ್ತಿರುವುದರಿಂದ, ನಿಲ್ಲಿಸಿ ಯೋಚಿಸಲು ಸಮಯವಿರುತ್ತದೆ. ಅಗತ್ಯವಾದರೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಕೆ ಇಡಲು ಶಸ್ತ್ರವೈದ್ಯರು ಪಕ್ಕದಲ್ಲೇ ಸಿದ್ಧರಿರಬೇಕು. ಈ ಸಿದ್ಧತೆಯ ಬಗ್ಗೆ ನೀವು ಸಂಕೋಚವಿಲ್ಲದೆ ಕೇಳಿರಿ. ಅವಳಿಗೆ ನಿದ್ದೆಯಲ್ಲಿ ಜೋರಾಗಿ ಗೊರಕೆ ಬರುವುದೋ ಉಸಿರು ಕಟ್ಟುವುದೋ ಇದ್ದರೆ ತಪ್ಪದೆ ತಿಳಿಸಿ, ಏಕೆಂದರೆ ಅಂಥವರಿಗೆ ಮಂಪರಿನ ಔಷಧವನ್ನು ಬಹಳ ಮಿತವಾಗಿ ಕೊಡಬೇಕಾಗುತ್ತದೆ. ನಳಿಕೆಯನ್ನು ತೆಗೆಯುವುದೂ ಪೂರ್ತಿ ಎಚ್ಚರವಾದ ಮೇಲೆಯೇ. ಮನೆಗೆ ಮರಳುವಾಗ, ಯಾವ ಗಾತ್ರದ ನಳಿಕೆಯನ್ನು ಹೇಗೆ ಇಳಿಸಿದರೆಂಬ ಪತ್ರವನ್ನು ಬರೆಸಿಕೊಂಡು ಬನ್ನಿ. ನಾಳೆ ಅಪೆಂಡಿಕ್ಸಿಗೋ ಹೆರಿಗೆಗೋ ಅವಳನ್ನು ನಡುರಾತ್ರಿ ಇಲ್ಲಿಗೆ ಕರೆತಂದರೆ, ನಾನು ಮೊದಲು ಕೇಳುವುದು ಅದನ್ನೇ.