ನಿಕ್ಕೋದ ಯೋಮೆಯ್‌ಮೊನ್ ದ್ವಾರ: ಇಷ್ಟು ಹೊಳೆಯುತ್ತಿದ್ದರೆ ಅದು ಹಳೆಯದು ಹೇಗಾಗುತ್ತದೆ?

ಚಿತ್ತಾರ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಜಪಾನ್‌ಗೆ ಹೋಗುವವಳಿದ್ದೇನೆ. ನಿಕ್ಕೋದ ತೋಶೋಗು ದೇಗುಲ ನೋಡಬೇಕೆಂದು ತುಂಬಾ ಆಸೆ. ಈಗಿನ ಕಟ್ಟಡಗಳಲ್ಲಿ ಹೆಚ್ಚಿನವು 1636ರವು ಅಂತ ಓದಿದೆ. ಆದರೆ ಯೋಮೆಯ್‌ಮೊನ್ ದ್ವಾರದ ಫೋಟೋ ನೋಡಿದರೆ ನಿನ್ನೆ ಮೊನ್ನೆ ಕಟ್ಟಿದ ಹಾಗಿದೆ. 2017ರಲ್ಲಿ ದೊಡ್ಡ ದುರಸ್ತಿ ಮುಗಿಯಿತಂತೆ. ಅಂಗಡಿಯ ಪೇಂಟ್ ಬಳಿದುಬಿಟ್ಟಿದ್ದಾರಾ? ಹಳೆಯ ಬಣ್ಣವನ್ನು ಇದ್ದ ಹಾಗೇ ಬಿಡಬಹುದಿತ್ತು ಅಲ್ವಾ?

ಸೊನೆಕುಂಚ:
ಅಂಗಡಿಯ ಪೇಂಟ್ ಅಲ್ಲ ಮೇಡಂ, ಆ ಹೊಳಪು ಉರುಷಿಯದು. ನಾನು ಜಪಾನಿನಲ್ಲೇ ಇದ್ದು ಉರುಷಿ ಕೆಲಸ ಕಲಿಯುತ್ತಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಉರುಷಿ ಅಂದರೆ ಒಂದು ಮರದ ಸೊನೆ. ಮಾವು, ಗೇರು ಇದೇ ಕುಟುಂಬದವು. ಮೈಗೆ ತಾಗಿದರೆ ತುರಿಕೆ, ಗುಳ್ಳೆ ಏಳುತ್ತದೆ. ಆದರೆ ಒಮ್ಮೆ ಗಟ್ಟಿಯಾದರೆ ನೀರು, ಆಮ್ಲ ಯಾವುದಕ್ಕೂ ಸುಲಭವಾಗಿ ಜಗ್ಗುವುದಿಲ್ಲ. ವಿಶೇಷ ಏನೆಂದರೆ ಇದು ಬಿಸಿಲಿಗೆ ಒಣಗುವ ವಸ್ತು ಅಲ್ಲ. ಸೊನೆಯೊಳಗಿನ ಒಂದು ಕಿಣ್ವ ಗಾಳಿಯ ತೇವದಲ್ಲಿ ಕೆಲಸ ಮಾಡಿ ಅದನ್ನು ಗಟ್ಟಿ ಮಾಡುತ್ತದೆ. 20ರಿಂದ 25 ಡಿಗ್ರಿ ಬಿಸಿ, ಶೇಕಡಾ 70–80ರಷ್ಟು ತೇವ ಇದ್ದರೆ ಸರಿ. ಗಾಳಿ ತೀರಾ ಒಣಗಿದ್ದರೆ ಎಷ್ಟು ದಿನ ಕಾದರೂ ಅಂಟಂಟಾಗಿಯೇ ಇರುತ್ತದೆ.

ಹಚ್ಚುವುದಕ್ಕೆ ಮುಂಚಿನ ಕೆಲಸವೇ ಜಾಸ್ತಿ. ಹಾಳಾದ ಹಳೆಯ ಪದರವನ್ನು ಕೆರೆದು ತೆಗೆಯಬೇಕು. ಮರದ ಬಿರುಕಿಗೆ ಉರುಷಿ ಮತ್ತು ಮರದ ಪುಡಿ ಕಲಸಿ ತುಂಬಬೇಕು. ಬೇಕಾದ ಕಡೆ ನಾರುಬಟ್ಟೆ ಅಂಟಿಸಬೇಕು. ಅದರ ಮೇಲೆ ಮಣ್ಣಿನ ಪುಡಿ ಬೆರೆಸಿದ ಉರುಷಿ, ಆಮೇಲೆ ಕಲ್ಲಿನಿಂದ ಉಜ್ಜುವುದು, ಮತ್ತೆ ಪದರ, ಮತ್ತೆ ಉಜ್ಜುವುದು. ಕೊನೆಯ ಪದರ ಹಚ್ಚುವ ಕುಂಚ ಮನುಷ್ಯರ ಕೂದಲಿನದು! ಚಪ್ಪಟೆಯಾಗಿ, ಗಿಡ್ಡವಾಗಿರುತ್ತದೆ. ಕೂದಲು ಹಿಡಿಯ ಉದ್ದಕ್ಕೂ ಒಳಗೆ ಇರುತ್ತದೆ. ತುದಿ ಸವೆದರೆ ಪೆನ್ಸಿಲ್ ಹಾಗೆ ಹಿಡಿಯನ್ನು ಕೆತ್ತಿ ಹೊಸ ತುದಿ ಮಾಡಿಕೊಳ್ಳುತ್ತಾರೆ. ಚಿನ್ನದ ರೇಕು ಹಿಡಿದು ನಿಲ್ಲುವುದೂ ಉರುಷಿಯ ಅಂಟಿನಿಂದಲೇ.

ಈಗ ನಿಮ್ಮ ಎರಡನೇ ಪ್ರಶ್ನೆ. ಉರುಷಿಗೆ ಒಂದೇ ಶತ್ರು, ಬಿಸಿಲು. ಹೊರಗಿನ ಗೋಡೆಯಲ್ಲಿ ಕೆಲವು ದಶಕಗಳಲ್ಲೇ ಹೊಳಪು ಹೋಗಿ ಪುಡಿಯಾಗುತ್ತದೆ. ಹಾಗೇ ಬಿಟ್ಟರೆ ಮಳೆ ನೀರು ನೇರ ಮರಕ್ಕೆ ಇಳಿಯುತ್ತದೆ. ಆ ಪದರ ಇರುವುದೇ ಮರವನ್ನು ಕಾಯಲು. ಎದೋ ಕಾಲದಿಂದಲೂ (1603–1868) ನಿಕ್ಕೋದಲ್ಲಿ ಮತ್ತೆ ಮತ್ತೆ ಹಚ್ಚುತ್ತಲೇ ಬಂದಿದ್ದಾರೆ. ಮಾಸಿದ ಬಣ್ಣವೇ ಅಸಲಿ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ನನಗೆ ನಿಜವಾಗಿ ಚಿಂತೆ ಇರುವುದು ಸೊನೆಯದು. 10ರಿಂದ 15 ವರ್ಷ ಬೆಳೆದ ಮರಕ್ಕೆ ಜೂನ್‌ನಿಂದ ಗೀರು ಹಾಕುತ್ತಾ ಹೋಗುತ್ತಾರೆ. ಶರತ್ಕಾಲ ಮುಗಿಯುವ ಹೊತ್ತಿಗೆ ಸಿಗುವುದು ಸುಮಾರು 200 ಗ್ರಾಂ. ಆಮೇಲೆ ಆ ಮರವನ್ನೇ ಕಡಿಯುತ್ತಾರೆ, ಬುಡದಿಂದ ಹೊಸ ಚಿಗುರು ಬರಬೇಕು. ಜಪಾನ್ ಬಳಸುವ ಉರುಷಿಯಲ್ಲಿ ಬಹುಪಾಲು ಚೀನಾದಿಂದ ಬರುತ್ತದೆ. 2015ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ, ರಾಷ್ಟ್ರೀಯ ನಿಧಿಯಾದ ಕಟ್ಟಡಗಳಿಗೆ ದೇಶದ ಉರುಷಿಯನ್ನೇ ಬಳಸಬೇಕು ಅಂತ ತಿಳಿಸಿತು. ಒಳ್ಳೆಯ ನಿರ್ಧಾರವೇ. ಆದರೆ ದೇಶದ ಉರುಷಿಯಲ್ಲಿ ಹೆಚ್ಚಿನದು ಬರುವುದು ಉತ್ತರ ಜಪಾನಿನ ಇವಾತೆ ಪ್ರಾಂತ್ಯದ ಜೋಬೋಜಿ ಎಂಬ ಒಂದೇ ಕಡೆಯಿಂದ. ಮರ ಬೇಕು, ಗೀರು ಹಾಕಲು ಬಲ್ಲವರೂ ಬೇಕು.

ತೊಗಟೆ_ಮಾಡು:
ಸೊನೆಕುಂಚ ಅವರು ಸರಿಯಾಗಿ ಹೇಳಿದರು. ಚಾವಣಿಯದೂ ಇದೇ ಕಥೆ. ಇಜುಮೋ ದೇಗುಲದ ಗರ್ಭಗುಡಿಗೆ ಹೊದಿಸಿರುವುದು ಹಿನೊಕಿ ಎಂಬ ಜಪಾನಿ ಸೈಪ್ರೆಸ್ ಮರದ ತೊಗಟೆ. 70–80 ವರ್ಷ ದಾಟಿದ ನಿಂತ ಮರಕ್ಕೆ ಹಗ್ಗ ಹಾಕಿಕೊಂಡು ಹತ್ತಿ, ಮರದ ಚಪ್ಪಟೆ ಉಪಕರಣದಿಂದ ಹೊರ ತೊಗಟೆ ಮಾತ್ರ ಸುಲಿಯುತ್ತಾರೆ. ಒಳಪದರಕ್ಕೆ ಗಾಯ ಆಗಬಾರದು. ಮರ ಸಾಯುವುದಿಲ್ಲ, ಎಂಟು ಹತ್ತು ವರ್ಷಕ್ಕೆ ಮತ್ತೆ ಸುಲಿಯಬಹುದು. ಹೊದಿಸುವವರು ಬಿದಿರಿನ ಮೊಳೆಗಳನ್ನು ಬಾಯಲ್ಲಿ ಇಟ್ಟುಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಈ ತೊಗಟೆ ಕೆಲಸ, ಉರುಷಿ ಎಲ್ಲ ಸೇರಿ 17 ಕೌಶಲಗಳನ್ನು ಯುನೆಸ್ಕೋ 2020ರಲ್ಲಿ ತನ್ನ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಚಿತ್ತಾರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಾನು ಸುಮ್ನೆ ಫೋಟೋ ತೆಗೆದು ಬರುವುದರಲ್ಲಿದ್ದೆ. ದ್ವಾರದ ಹತ್ತಿರ ನಿಂತಾಗ ಏನು ಗಮನಿಸಲಿ?

ಸೊನೆಕುಂಚ:
ಕೆತ್ತನೆಗಳೇ 508 ಇವೆ, ಎಲ್ಲವನ್ನೂ ನೋಡಲು ಹೊರಟರೆ ಸಂಜೆಯಾಗುತ್ತದೆ. ಮೊದಲು ಬಿಳಿ ಕಂಬ ನೋಡಿ. ಅದು ಚಿಪ್ಪಿನ ಪುಡಿಯನ್ನು ಪ್ರಾಣಿಗಳ ತೊಗಲಿನ ಅಂಟಿನಲ್ಲಿ ಕಲಸಿ ಹಚ್ಚಿದ ಬಿಳಿ. ಪಕ್ಕದ ಕಪ್ಪು ಉರುಷಿ ಕನ್ನಡಿಯಂತೆ ಹೊಳೆದರೆ, ಇದರಲ್ಲಿ ಹೊಳಪೇ ಇಲ್ಲ. ಕಂಬಗಳಲ್ಲಿ ಒಂದರ ವಿನ್ಯಾಸ ಬೇಕೆಂದೇ ತಲೆಕೆಳಗು ಕೆತ್ತಿದ್ದಾರೆ, ಹುಡುಕಿ. ಆಮೇಲೆ ಸೂರಿನ ಕೆಳಗಿನ ಉರುಷಿಯನ್ನೂ ಬಿಸಿಲು ಬೀಳುವ ಕಡೆಯದನ್ನೂ ಹೋಲಿಸಿ ನೋಡಿ. ಬಿಡುವಿದ್ದರೆ ಬೆಳಿಗ್ಗೆ ಬೇಗ ಹೋಗಿ, ಜನ ಕಡಿಮೆ ಇರುತ್ತಾರೆ.